ಮರದ ಮೆಷಿನ್‌ಗನ್

ಇಬ್ರಾಹಿಂ, ಆ ದಿನ ವಾರ್ಡನ್ನರಿಗೆ ನಿನ್ನ ಹೆಸರು ಹೇಳಿದವನು ನಾನು. ನೀನು ತಿಳಿದಂತೆ ಹಾಸ್ಟೆಲ್ಲಿನ ವಾಚ್‌ಮ್ಯಾನ್ ಅಲ್ಲ. ಇಷ್ಟು ವರ್ಷ ನೀನು ಅವನನ್ನು ಬೈಯುವಾಗಲೆಲ್ಲ ಫೋನಿನ ಈ ಕಡೆಯಿಂದ ಹೂಂಗುಟ್ಟಿದ್ದೇನೆ —

ಮೂಡುಬಿದಿರೆಯ ಹಾಸ್ಟೆಲ್ಲಿನಲ್ಲಿ ನಮ್ಮಿಬ್ಬರದು ಒಂದೇ ಕೋಣೆ. ನೀನು ವಿಟ್ಲದವ, ನಾನು ಅಳದಂಗಡಿಯವ. ಭಾನುವಾರ ಊಟ ಮುಗಿಸಿ, ಕಿಟಕಿಗೆ ಪಂಚೆ ಕಟ್ಟಿ ಕತ್ತಲು ಮಾಡಿ, ನಿನ್ನ ಹಳೆಯ ಕಂಪ್ಯೂಟರಿನಲ್ಲಿ ಯುದ್ಧದ ಸಿನೆಮಾ ನೋಡುತ್ತಿದ್ದೆವು. ಹಿಮವನ್ನೇ ಕಾಣದ ನಾವು ಬನಿಯನ್ನಿನಲ್ಲಿ ಬೆವರುತ್ತ ಫಿನ್ಲೆಂಡಿನ ಹಿಮದೊಳಗೆ ಕೂತಿರುತ್ತಿದ್ದೆವು. ನಾನು ನಾಯಕನನ್ನು ನೋಡಿದರೆ ನೀನು ಬಂದೂಕುಗಳನ್ನು ನೋಡುತ್ತಿದ್ದೆ. "ನಿಲ್ಲಿಸು ಮಾರಾಯ! ಅಗೋ, ಲಹ್ತಿ!" ಎರಡು ಕಾಲೂರಿ ಹಿಮದಲ್ಲಿ ಮಲಗಿದ ಲಹ್ತಿ-ಸಲೊರಾಂತ, ಆ ದೇಶದವರೇ ಮಾಡಿದ ಲಘು ಮೆಷಿನ್‌ಗನ್. ಚಳಿಯಲ್ಲಿ ಅದು ಆಗಾಗ ಗುಂಡು ಹಾರದೆ ಕಚ್ಚಿಕೊಳ್ಳುತ್ತಿತ್ತಂತೆ. ಸೈನಿಕರು ಶತ್ರುವಿನಿಂದ ಕಿತ್ತುಕೊಂಡ ರಷ್ಯದ ಗನ್ನನ್ನೇ ಇಷ್ಟಪಡುತ್ತಿದ್ದರಂತೆ. ಸಿನೆಮಾದಲ್ಲೂ ಅದು ಬಂದು ಹೋಗುವುದು ಒಂದೆರಡು ಕ್ಷಣ. "ಪಾಪ ಅಲ್ವಾ ಅದು" ಎಂದು ನೀನು ಹೇಳುವಾಗ ನಗು ಬರುತ್ತಿತ್ತು. ಈಗಲೂ ಬರುತ್ತದೆ.

ನಾವೇ ಒಂದು ಯುದ್ಧದ ಸಿನೆಮಾ ತೆಗೆಯುವ ಎಂದವನು ನಾನು. ಹಲಸಿನ ಹಲಗೆ ಕೊರೆದು ನೀನು ಲಹ್ತಿ ಮಾಡಿದೆ, ನಾನು ಕಪ್ಪು ಬಣ್ಣ ಬಳಿದೆ. ವಾಮದಪದವಿನ ಹತ್ತಿರದ ಬೋಳುಗುಡ್ಡದಲ್ಲಿ ಹಿಮವೆಂದು ಹತ್ತಿ ಹರಡಿದೆವು. ಗಾಳಿ ಬೀಸಿ ಫಿನ್ಲೆಂಡಿನ ಹಿಮವೆಲ್ಲ ಗೇರುಮರಗಳಿಗೆ ಸಿಕ್ಕಿಕೊಂಡಿತು. ಅಷ್ಟು ನಕ್ಕ ದಿನ ನನ್ನ ಬದುಕಿನಲ್ಲಿ ಇನ್ನೊಂದಿಲ್ಲ.

ಗುಡ್ಡದಲ್ಲಿ ಬಂದೂಕು ನೋಡಿ ಯಾರೋ ದೂರು ಕೊಟ್ಟಿದ್ದರು. ಮರುದಿನ ಹಾಸ್ಟೆಲ್ಲಿಗೆ ಪೊಲೀಸರು ಬಂದರು. ನೀನು ಕ್ಲಾಸಿಗೆ ಹೋಗಿದ್ದೆ, ನಾನು ಜ್ವರವೆಂದು ಮಲಗಿದ್ದೆ. ವಾರ್ಡನ್ ಆ ಮರದ ಲಹ್ತಿಯನ್ನು ಮಂಚದಡಿಯಿಂದ — ನನ್ನ ಮಂಚದಡಿಯಿಂದ — ಎಳೆದು, "ಇದು ಯಾರದ್ದು?" ಎಂದರು.

"ಇಬ್ರಾಹಿಂನದ್ದು ಸರ್. ನನಗೆ ಎಂತದೂ ಗೊತ್ತಿಲ್ಲ."

ನಾವಿಬ್ಬರೂ ಸಿನೆಮಾಕ್ಕೆ ಮಾಡಿದ್ದು ಎಂದಿದ್ದರೆ ಸಾಕಿತ್ತು. ನಿನ್ನ ಹೆಸರು ಕಿವಿಗೆ ಬಿದ್ದ ಕೂಡಲೇ ಪೊಲೀಸರ ಮುಖ ಬದಲಾದದ್ದನ್ನು ಕಂಡೆ. ಕಂಡೂ — ಹೊದಿಕೆ ಎಳೆದುಕೊಂಡೆ.

ಸಂಜೆಯವರೆಗೆ ನಿನ್ನನ್ನು ಠಾಣೆಯಲ್ಲಿ ಕೂರಿಸಿದರು. ಬರೀ ಮರವೆಂದು ಖಾತ್ರಿಯಾದ ಮೇಲೆ ಬಿಟ್ಟರು. ಅಷ್ಟರಲ್ಲಿ ನಿನ್ನ ಫೋಟೊ ಊರೂರು ತಿರುಗಿತ್ತು. ನಿನ್ನ ತಂದೆ ಬಂದರು, ನಿನ್ನ ಬಟ್ಟೆಬರೆ ಕಟ್ಟಿದರು. ಬಸ್ಸು ಹತ್ತುವಾಗ ನೀನು, "ನೀನೊಬ್ಬನಾದರೂ ನನ್ನ ಪರ ಇದ್ದಿಯಲ್ಲ, ಸುಧಾ" ಎಂದೆ. ನಾನು ಇಲ್ಲ ಎನ್ನಲಿಲ್ಲ. ಮತ್ತೆ ನೀನು ಕಾಲೇಜಿಗೆ ಬರಲಿಲ್ಲ. ಕೆಲವೇ ತಿಂಗಳಲ್ಲಿ ಕಡಲಾಚೆಯ ದಮ್ಮಾಮಿನ ಅಂಗಡಿಯೊಂದಕ್ಕೆ ಕೆಲಸಕ್ಕೆ ಸೇರಿದೆ. ನಾನು ಡಿಗ್ರಿ ಮುಗಿಸಿದೆ, ಅದೇ ಕೋಣೆಯಲ್ಲಿ.

ಬರುವ ವಾರ ನೀನು ಊರಿಗೆ ಬರುತ್ತಿದ್ದೀ. "ಸೀದಾ ಮನೆಗೇ ಬಾ, ಮಕ್ಕಳಿಗೆ ನಿನ್ನನ್ನು ತೋರಿಸ್ಬೇಕು" ಎಂದಿದ್ದೀ. ಬರುತ್ತೇನೆ. ನೀನು ಕೈ ಚಾಚಿಕೊಂಡು ಅಂಗಳಕ್ಕೆ ಇಳಿಯುವಾಗ ನಾನು ಗೇಟಿನ ಹತ್ತಿರವೇ ನಿಲ್ಲುತ್ತೇನೆ. ಅಪ್ಪಿಕೊಳ್ಳುವ ಮೊದಲೇ ಹೇಳಿಬಿಡಬೇಕು.