ಹುಲ್ಲಿನ ಹೊರೆ ಹೊತ್ತು ನಿಂತವಳು

ಮೊನ್ನೆ ನಂಜನಗೂಡಿನ ಬಸ್ ಸ್ಟ್ಯಾಂಡಿನ ಎದುರು ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಕೆಟ್ಟು ನಿಂತಿತ್ತು. ಪಕ್ಕದಲ್ಲಿ ಹಾದು ಹೋಗುವಾಗ ಹಸಿ ಸೋಗೆಯ ವಾಸನೆ ಮೂಗಿಗೆ ಬಡಿಯಿತು. ಅಜ್ಜಿ ನೆನಪಾದಳು...

ಅಜ್ಜಿ ಎಂದರೆ ಅಮ್ಮನ ಅವ್ವ. ತಿ. ನರಸೀಪುರದ ಆಚೆ ಹೆಮ್ಮಿಗೆಯಲ್ಲಿ ಅವಳ ಮನೆ. ತಾತ ಬೇಗ ಹೋಗಿಬಿಟ್ಟಿದ್ದರಿಂದ ತಾನೊಬ್ಬಳೇ ಬೇಸಾಯ ಮಾಡಿ ಅಮ್ಮನನ್ನು ಓದಿಸಿದ್ದಳು. ನನಗೆ ಹನ್ನೊಂದು ವರ್ಷವಿದ್ದಾಗ, ದಸರಾ ರಜೆಯಲ್ಲಿ ಅವಳ ಜೊತೆಗಿದ್ದೆ. ಆಗ ಊರಲ್ಲೆಲ್ಲ ಚಿರತೆಯ ಮಾತು. ಕಬ್ಬಿನ ಗದ್ದೆಯಲ್ಲಿ ಮರಿ ಹಾಕಿದೆಯಂತೆ, ಯಾರದೋ ಕರು ಹೊತ್ತೊಯ್ದಿದೆಯಂತೆ. ಆದರೂ ಹಸುವಿಗೆ ಹುಲ್ಲು ಬೇಕಲ್ಲ. ಇನ್ನೂ ಬಿಸಿಲಿರುವಾಗಲೇ ಅಜ್ಜಿ ಹೊರಟಳು. ಹಟ ಮಾಡಿ ನಾನೂ ಹಿಂದೆ ಹೋದೆ.

ವಾಪಸು ಬರುವಾಗ ಬದುವಿನ ತಿರುವಿನಲ್ಲಿ ಅದು ಕೂತಿತ್ತು. ಹತ್ತು ಮಾರು ದೂರ ಇದ್ದಿರಬಹುದು. ನಾಯಿ ಎಂದುಕೊಂಡೆ. ಅದು ತಲೆ ತಿರುಗಿಸಿತು.

"ಓಡ್ಬ್ಯಾಡ ಕೂಸೇ. ನನ್ ಇಂದೆ ನಿಂತ್ಕೊ" ಎಂದಳು ಅಜ್ಜಿ, ತುಟಿ ಅಲುಗಿಸದೆ. ಅವಳ ಎಡಗೈ ನನ್ನ ಮಣಿಕಟ್ಟನ್ನು ಹಿಡಿದಿತ್ತು. ತಲೆಯ ಮೇಲಿನ ಹೊರೆಯನ್ನು ಅವಳು ಇಳಿಸಲಿಲ್ಲ. ಆ ಹೊರೆಯಿಂದಾಗಿ ನನ್ನ ಗಿಡ್ಡ ಅಜ್ಜಿ ಅವತ್ತು ತುಂಬ ಎತ್ತರ ಕಂಡಳು. ಸೆರಗಿನ ಸಂದಿಯಿಂದ ನೋಡಿದೆ. ಅದರ ಬಾಲದ ತುದಿ ಮಾತ್ರ ಆಡುತ್ತಿತ್ತು. ನನ್ನ ಚಡ್ಡಿ ಒದ್ದೆಯಾಯಿತು.

"ಓಗಪ್ಪ... ನಿನ್ ದಾರಿ ನೀ ನೋಡ್ಕೊ. ಕೂಸದೆ ನನ್ ಜೊತೆ" ಎಂದಳು ಅದಕ್ಕೆ, ಮನೆಗೆ ಬಂದವರ ಹತ್ತಿರ ಮಾತಾಡುವ ಹಾಗೆ.

ಎಷ್ಟು ಹೊತ್ತು ನಿಂತೆವೋ ಗೊತ್ತಿಲ್ಲ. ಕೊನೆಗೆ ಅದು ಎದ್ದು, ಯಾವ ಅವಸರವೂ ಇಲ್ಲದೆ ಕಬ್ಬಿನೊಳಗೆ ಇಳಿಯಿತು. ಸೋಗೆ ಅಲುಗುವ ಸದ್ದು ಎಡಕ್ಕೋ ಬಲಕ್ಕೋ ತಿಳಿಯಲಿಲ್ಲ. ನಾನು ಕೈ ಜಗ್ಗಿದ ಮೇಲೆಯೇ ಅಜ್ಜಿ ಹೆಜ್ಜೆ ಎತ್ತಿದಳು. ಮನೆ ಸೇರುವವರೆಗೂ ಅದು ನಮ್ಮ ಪಕ್ಕದಲ್ಲೇ ಬರುತ್ತಿದೆ ಎನಿಸುತ್ತಿತ್ತು. ಹಟ್ಟಿಯಲ್ಲಿ ಹೊರೆ ಇಳಿಸಿದ ಮೇಲೂ ಅಜ್ಜಿಗೆ ನನ್ನ ಕೈ ಬಿಡಲು ಆಗಲಿಲ್ಲ, ಬೆರಳು ಸೆಟೆದಿದ್ದವು. ಒಂದೊಂದಾಗಿ ನಾನೇ ಬಿಡಿಸಿದೆ.

ಅಂದು ಫೋನಿನಲ್ಲಿ ಅಮ್ಮನಿಗೆ, "ಏನೂ ಆಗ್ನಿಲ್ಲ ಕಣವ್ವ" ಎಂದಳು. ಆದರೆ ಆಗಿತ್ತು. ಒಬ್ಬಳೇ ರಾತ್ರಿ ಗದ್ದೆಗೆ ನೀರು ಕಟ್ಟುತ್ತಿದ್ದವಳು ಹೊತ್ತು ಇಳಿಯುವ ಮೊದಲೇ ಚಿಲಕ ಹಾಕತೊಡಗಿದಳು. ಅಮ್ಮ ಅವಳನ್ನು ನಂಜನಗೂಡಿನ ನಮ್ಮ ಮನೆಗೆ ಕರೆತಂದರು. ಇಲ್ಲೂ ಅದೇ. ನಾನು ಸ್ಕೂಲಿನಿಂದ ಬರುವುದು ಐದು ನಿಮಿಷ ತಡವಾದರೆ ಬರಿಗಾಲಲ್ಲಿ ರಸ್ತೆಗೆ ಬಂದು, ಸಿಕ್ಕವರನ್ನೆಲ್ಲ ನಿಲ್ಲಿಸಿ ಕೇಳುತ್ತಿದ್ದಳು. ಒಂದು ದಿನ ಗೆಳತಿಯರೆಲ್ಲ ನಕ್ಕರು. ನಾನು ರೇಗಿದೆ: "ಇಲ್ಯಾವ ಚಿರತೆ ಇದೆ ಅಜ್ಜಿ? ಅವತ್ತು ಅದರ ಎದುರಿಗೇ ನಿಂತವಳು ನೀನು!"

ಅಜ್ಜಿ ತಲೆ ತಗ್ಗಿಸಿದಳು. "ನಾ ಅದ ನೋಡ್ನೇ ಇಲ್ಲ ಕಣ್ ಮಗ. ಕಣ್ ಮುಚ್ಕೊಂಡಿದ್ದೆ. ಅದು ಓಗಿದ್ದೂ ಗೊತ್ತಾಗ್ನಿಲ್ಲ. ನಿನ್ ಕೈ ಒಂದು ಬಿಸಿಯಾಗಿತ್ತು, ಅಷ್ಟೇಯ..."

ಮತ್ತೆಂದೂ ನಾನು ಅವಳ ಮೇಲೆ ರೇಗಲಿಲ್ಲ. ಆದರೆ ತಪ್ಪಾಯಿತು ಎಂದೂ ಹೇಳಲಿಲ್ಲ. ಹೇಳಬಹುದಿತ್ತು... ಎಷ್ಟೊಂದು ವರ್ಷ ಇತ್ತು.

ಹೋದ ಆಷಾಢದಲ್ಲಿ ಮಧ್ಯಾಹ್ನ ಊಟ ಮುಗಿಸಿ ಮಲಗಿದವಳು ಏಳಲಿಲ್ಲ. ಹೆಮ್ಮಿಗೆಗೆ ಒಯ್ದು ಅವಳ ಹೊಲದಲ್ಲೇ, ತಾತನ ಪಕ್ಕ ಮಣ್ಣು ಮಾಡಿದೆವು. ಬಂದವರೆಲ್ಲ ಕೈಕಾಲು ತೊಳೆದು ಹೊರಟರು. ಅಮ್ಮ ಮಾತ್ರ ಕದಲಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಧೈರ್ಯ ಹೇಳಿದ ಟೀಚರ್ ನನ್ನಮ್ಮ, ಸುತ್ತಲಿನ ಕಬ್ಬನ್ನು ನೋಡುತ್ತ ಮಗುವಿನ ಹಾಗೆ ಅಂದರು: "ಅವ್ವ ಇಲ್ಲಿ ಹೆದ್ರುಕೋತಾಳೆ ಕಣೆ."

ಈಗ ತಿಂಗಳಿಗೊಮ್ಮೆ ನಾವಿಬ್ಬರೂ ಬಸ್ಸಿನಲ್ಲಿ ಅಲ್ಲಿಗೆ ಹೋಗುತ್ತೇವೆ. ಬದುವಿನ ಮೇಲೆ ನಡೆಯುವಾಗ ಇಬ್ಬರಿಗೂ ಎದೆ ಹೊಡೆದುಕೊಳ್ಳುತ್ತದೆ, ಇಬ್ಬರೂ ಹೇಳಿಕೊಳ್ಳುವುದಿಲ್ಲ. ಸಮಾಧಿಯ ಹತ್ತಿರ ಸ್ವಲ್ಪ ಹೊತ್ತು ಕೂತು, ಬಿಸಿಲಿರುವಾಗಲೇ ಎದ್ದು ಬರುತ್ತೇವೆ.