ಒಳಫೋಲ್ಡರಿನ ಹಾಡನ್ನೂ ಬಿಡದ ತಸ್ಲೀಮ

ಬೆಳಕು ಹರಿಯುತ್ತಿದೆ. ಆಳಂದ ಬಸ್ ನಿಲ್ದಾಣದ ಎದುರು ಹಾಡು ತುಂಬಿಕೊಡುವ ಪುಟ್ಟ ಅಂಗಡಿಯೊಂದರ ಶಟರ್ ಅರ್ಧ ಎದ್ದಿದೆ. ಕಬ್ಬಿನ ಟ್ರ್ಯಾಕ್ಟರ್ ನಿಲ್ಲಿಸಿ ಬಂದ ಕರಜಗಿಯ ಚಾಲಕ ಅಕ್ರಮ್, ಪೆನ್‌ಡ್ರೈವ್ ಚಾಚುತ್ತಾನೆ.

"ಜಲ್ದಿ ತುಂಬ್ರಿ ಆಪಾ, ಹಾಡಿಲ್ಲಂದ್ರ ಟ್ರ್ಯಾಕ್ಟರ್ ಮುಂದಕ್ಕ ಹೋಗಂಗಿಲ್ಲ."

"ಮದಲ ಡೀಸೆಲ್ ಹಾಕ್ಸಲೇ" ಎಂದು ಅಂಗಡಿಯ ಒಡತಿ ತಸ್ಲೀಮ ನಗುತ್ತಾರೆ.

ಅವರ ತಂದೆ ಅಬ್ದುಲ್ ಗನಿ ಟೇಪ್ ರೆಕಾರ್ಡರ್ ಹೊತ್ತು ಆಳಂದ, ಅಫಜಲಪುರ, ಜೇವರ್ಗಿ ಸುತ್ತಿ ಮೊಹರಂ ಪದ, ಸೋಬಾನೆಗಳನ್ನು ಕೂಡಿಟ್ಟವರು. ಮಗಳು ಅವನ್ನೆಲ್ಲ ಕಂಪ್ಯೂಟರಿಗೆ ಏರಿಸಿದ್ದಾರೆ. ತಾಲ್ಲೂಕಿಗೊಂದು ಫೋಲ್ಡರ್, ಅದರೊಳಗೆ ಊರು, ಊರೊಳಗೆ ಹಾಡಿದವರ ಹೆಸರು.

ಕಳೆದ ಬೇಸಿಗೆಯಲ್ಲಿ ಹಾರ್ಡ್‌ಡಿಸ್ಕ್ ಕಟಕಟ ಎನ್ನತೊಡಗಿತು. ನಕಲು ಮಾಡಹೋದರೆ ಕೆಟ್ಟ ಫೈಲೊಂದು ಅಡ್ಡ ಬಂದು ಕೆಲಸವೇ ನಿಲ್ಲುತ್ತಿತ್ತು. ತಸ್ಲೀಮ ಮೊಬೈಲಿನಲ್ಲಿ ಪಾಠ ನೋಡಿ, ಕೆಟ್ಟದ್ದನ್ನು ದಾಟಿ ಮುಂದೆ ಸಾಗುವ, ಒಂದೇ ಬಟನ್ನಿನ ಪ್ರೋಗ್ರಾಂ ಬರೆದರು.

ಆಗಲೇ ನಿಂಬರ್ಗಾದ ನಿಂಬೆವ್ವ ಬಂದದ್ದು. ಗಂಟಲಿನ ಆಪರೇಷನ್ ಆದ ಮೇಲೆ ಅವರಿಗೆ ಹಾಡಲಾಗದು. ಸೊಸೆಗೆ ಸೋಬಾನೆ ಕಲಿಸಲು, ಅಬ್ದುಲ್ ಗನಿ ಟೇಪಿನಲ್ಲಿ ಹಿಡಿದಿಟ್ಟಿದ್ದ ತಮ್ಮದೇ ಹಳೆಯ ದನಿ ಬೇಕಿತ್ತು.

"ಎಲ್ಲಾ ಹೊಸಾ ಡಿಸ್ಕಿಗೆ ಬಂದಾವವ್ವ. ಹಳೇದು ಗುಜರಿಗೆ ಹಾಕ್ತೇನಿ" ಎಂದರು ತಸ್ಲೀಮ.

ನಿಂಬೆವ್ವ ಪಿಸುದನಿಯಲ್ಲೇ ಗದರಿದರು: "ತೊಗರಿ ಚೀಲ ಮ್ಯಾಲಿಂದ ನೋಡಿ ಒಯ್ತಾರೇನಬೇ? ತಳಕ್ಕ ಕೈ ಹಾಕು."

ಹೊಸ ಡಿಸ್ಕ್ ತೆರೆದರೆ 'ನಿಂಬರ್ಗಾ' ಫೋಲ್ಡರ್ ಇತ್ತು, ಒಳಗೆ ಏನೂ ಇರಲಿಲ್ಲ; ಪ್ರೋಗ್ರಾಂ ಊರಿನ ಹೆಸರಿನವರೆಗಷ್ಟೇ ಇಳಿದಿತ್ತು.

"ಊರು ತಂದೀದಿ, ಮಂದೀನ ಅಲ್ಲೇ ಬಿಟ್ಟು ಬಂದೀದಲ್ಲಬೇ!"

"ಆಗಿಂದಾಗ ಹಳೇ ಡಿಸ್ಕ್ ಮತ್ತ ಹಚ್ಚಿದೆರಿ" ಎಂದು ತಸ್ಲೀಮ ನೆನೆಯುತ್ತಾರೆ. "ಕುಂತು ಪ್ರೋಗ್ರಾಂ ತಿದ್ದಿದೆ. ಒಳಗೊಂದು ಫೋಲ್ಡರ್ ಕಂಡ್ರ ಹೊರಗ ಮಾಡಿದ ಕೆಲಸಾನೇ ಅಲ್ಲೂ ಮಾಡು, ಅದರೊಳಗ ಇನ್ನೊಂದಿದ್ರ ಅಲ್ಲೂ ಮಾಡು, ತಳ ಮುಟ್ಟೂತನಕ ಬಿಡಬ್ಯಾಡ ಅಂತ ಹೇಳಿದೆ."

ಸಂಜೆಗೆ ನಿಂಬೆವ್ವನ ದನಿ ಅಂಗಡಿ ತುಂಬಿತು. ನಿಂಬೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳುತ್ತಾ ನಿಂತರಂತೆ. ಈಗ ಸೊಸೆ ಮದುವೆಮನೆಗಳಲ್ಲಿ ಹಾಡುತ್ತಾಳೆ. ನಿಂಬೆವ್ವನ ಮನೆಯಿಂದ ತಸ್ಲೀಮರ ಮನೆಗೆ ಕಡಕ್ ರೊಟ್ಟಿ ತಪ್ಪದೆ ಬರುತ್ತದೆ.

ಅಂದಿನಿಂದ ಅಂಗಡಿಯಲ್ಲೊಂದು ಪದ್ಧತಿ. ತೀರಾ ಒಳಗಿನ ಫೋಲ್ಡರಿನ ಹಾಡು ಕೇಳದೆ ಯಾರೂ ಹೊರಡುವಂತಿಲ್ಲ. ಅಕ್ರಮ್ ಗೊಣಗುತ್ತಲೇ ಕಿವಿಗೊಡುತ್ತಾನೆ.

ಹಳೆಯ ಡಿಸ್ಕ್ ಮಾತ್ರ ಇನ್ನೂ ಕಪಾಟಿನಲ್ಲಿ, ಬಟ್ಟೆಯಲ್ಲಿ ಸುತ್ತಿಕೊಂಡಿದೆ. ಏಕೆಂದು ಕೇಳಿದರೆ ತಸ್ಲೀಮ ಅದನ್ನೊಮ್ಮೆ ಸವರುತ್ತಾರೆ.

"ಹಿರೋಳ್ಳಿ ಊರಿನ ಸುಲ್ತಾನಬಿ ಹಾಡಿದ ಪದಗೋಳು ಇದರ ಕೆಟ್ಟ ಫೈಲಿನಾಗ ಸಿಕ್ಕೊಂಡಾವ್ರಿ. ಅವೂ ಬಂದ್ರ ಸಾಕು. ಅಲ್ಲೀತನಕ ಗುಜರಿಯವ ಬಂದ್ರ ಶಟರ್ ಇಳಸ್ತೇನಿ."