ಮೀಯಿಸಲು ಬರುವ ವಾರಿಜಕ್ಕ

ಡೊಂಬಿವಲಿಯ ಎಷ್ಟೋ ಬಾಣಂತಿಯರನ್ನು ಮೀಯಿಸಿದ ವಾರಿಜಕ್ಕನನ್ನು ಮನೆಯಿಂದ ಓಡಿಸಿದವನು ನಾನೊಬ್ಬನೇ ಇರಬೇಕು. ಮೂವತ್ತು ವರ್ಷ ಹೋಟೆಲಿನ ದೋಸೆಕಲ್ಲಿನ ಮುಂದೆ ನಿಂತವನ ತಲೆ ತಣ್ಣಗಿರುವುದು ಹೇಗೆ?

ವಾರಿಜಕ್ಕನಿಗೆ ಅರವತ್ತು ದಾಟಿದೆ. ವಿಠ್ಠಲವಾಡಿಯಿಂದ ಬೆಳಗ್ಗಿನ ಲೋಕಲ್ ಹಿಡಿದು ಬರುತ್ತಾರೆ. ಬಾಣಂತಿಗೆ ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುತ್ತಾರೆ. ಆಮೇಲೆ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ ಮೀಯಿಸುತ್ತಾರೆ. ಬಾಯಿ ಮಾತ್ರ ನಿಲ್ಲುವುದಿಲ್ಲ. ರೈಲಿನಲ್ಲಿ ಯಾರ ಸೀಟು ಯಾರು ಕಸಿದರೆಂದು ಅವರು ಮೀಯಿಸುವ ಮಕ್ಕಳಿಗೂ ಗೊತ್ತು.

ನನ್ನ ಮಗಳು ಅಶ್ಮಿತಾ ಹೆತ್ತು ಮೂರು ವಾರವಾಗಿತ್ತು. ಮಗು ಅತ್ತರೆ ಗೋಡೆ ಕಡೆ ತಿರುಗುವಳು. ಊಟ ಬೇಡ, ನಿದ್ದೆ ಇಲ್ಲ, ಸುಮ್ಮನೆ ಕಣ್ಣೀರು. ನಾನು ಸೊಕ್ಕು ಎಂದೆ. ವಾರಿಜಕ್ಕ ಅಡಿಗೆಮನೆಗೆ ಬಂದರು.

“ದೇಜಪ್ಪಣ್ಣ, ಇದು ಸೊಕ್ಕಲ್ಲ. ಮನಸ್ಸಿನ ಡಾಕ್ಟ್ರಿಗೆ ತೋರಿಸಿ.”

“ನನ್ನ ಮಗಳಿಗೆ ಎಂತ, ಹುಚ್ಚಾ?”

“ಹುಚ್ಚು ಅಂತ ನಾನು ಹೇಳ್ಲಿಲ್ಲ. ಬೊಬ್ಬೆ ಹಾಕುದು ನೀವು.”

“ನಾಳೆಯಿಂದ ಬರ್ಬೇಡಿ!”

“ಆಯ್ತು. ಮೀಯಿಸ್ಲಿಕ್ಕೆ ನೀವೇ ಕೂತ್ಕೊಳ್ಳಿ.”

ಹೆಂಡತಿ ಉಮಾವತಿಗೆ ಗಂಟುನೋವು, ನೆಲದಲ್ಲಿ ಕೂರಲಾರಳು. ಅಳಿಯ ಬೆಳಗಾಗುವ ಮೊದಲೇ ವಾಶಿ ಮಾರ್ಕೆಟಿಗೆ ಕೆಲಸಕ್ಕೆ ಹೋಗುವವನು. ಮರುದಿನ ನಾನೇ ಲುಂಗಿ ಎತ್ತಿ ಕಟ್ಟಿ ಬಚ್ಚಲಲ್ಲಿ ಕೂತೆ. ಕಾಲು ಚಾಚಿದರೆ ಪಾದ ಬಾಗಿಲಾಚೆ. ಹೊಟ್ಟೆ ಅಡ್ಡ ಬಂದು ಮಗುವೇ ಕಾಣದು. ಉಮಾವತಿ ಹೊಯ್ದ ನೀರು ಬಿದ್ದದ್ದು ನನ್ನ ತಲೆಗೆ. ಮಗು ತನ್ನ ಪಾಲಿನದ್ದನ್ನು ನನ್ನ ಲುಂಗಿಗೆ ಬಿಟ್ಟಿತು. ಏಳಲು ನೋಡಿದೆ, ಆಗಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಅಶ್ಮಿತಾ ನಕ್ಕಳು. ಮೂರು ವಾರದಲ್ಲಿ ಮೊದಲ ಸಲ. ನಗುತ್ತ ನಗುತ್ತಲೇ ಅಳು ಬಂತು.

“ಪಪ್ಪಾ, ನನಗೆ ಅದನ್ನು ಎತ್ಲಿಕ್ಕೇ ಹೆದರಿಕೆ. ಎಲ್ಲರಿಗೂ ಖುಷಿ, ನನಗೆ ಮಾತ್ರ ಏನೂ ಅನ್ನಿಸುದಿಲ್ಲ. ನಾನು ಕೆಟ್ಟ ಅಮ್ಮನಾ?”

ಮಗುವನ್ನು ಉಮಾವತಿಯ ಕೈಗೆ ಕೊಟ್ಟು, ಗೋಡೆ ಹಿಡಿದು ಹೇಗೋ ಎದ್ದೆ. ಮೈ ಒರೆಸಿಕೊಂಡು ನೇರ ವಿಠ್ಠಲವಾಡಿಗೆ ಹೋದೆ. ವಾರಿಜಕ್ಕ ಸೊಪ್ಪು ಸೋಸುತ್ತಿದ್ದರು.

“ಎಂತ, ಲುಂಗಿ ಒದ್ದೆಯಾಯ್ತಾ?”

“ತಪ್ಪಾಯ್ತು ಮಾರಾಯ್ರೆ. ಬನ್ನಿ.”

ಅವರ ಕೈ ನಿಂತಿತು. “ಮೊದಲ ಹೆರಿಗೆಯಲ್ಲಿ ನನಗೂ ಹೀಗೇ ಆದದ್ದು. ಭೂತ ಹಿಡಿದಿದೆ ಅಂತ ನೂಲು ಕಟ್ಟಿದ್ರು. ಒಂದು ವರ್ಷ ಮಗನ ಮುಖ ಸರಿ ನೋಡ್ಲಿಲ್ಲ ನಾನು. ಅಶ್ಮಿತಾಗೆ ಹಾಗಾಗ್ಬಾರ್ದು. ಮೊದಲು ಡಾಕ್ಟ್ರು, ಮತ್ತೆ ನನ್ನ ಎಣ್ಣೆ.”

ಕಲ್ಯಾಣದ ಡಾಕ್ಟರಮ್ಮ, ಇದು ಹೆತ್ತ ಮೇಲೆ ಬರುವ ಕಾಯಿಲೆ, ಗುಣವಾಗುತ್ತದೆ ಎಂದರು. ಅಶ್ಮಿತಾಳಿಗೆ ಮಾತ್ರೆ, ವಾರಕ್ಕೊಮ್ಮೆ ಡಾಕ್ಟರಮ್ಮನ ಎದುರು ಕೂತು ಮಾತು, ಕಣ್ತುಂಬ ನಿದ್ದೆ. ರಾತ್ರಿ ಮಗು ಎದ್ದರೆ ಎತ್ತಿಕೊಳ್ಳುವ ಪಾಳಿ ಅಳಿಯನದು, ನನ್ನದು. ನನಗೂ ಒಂದು ಪಥ್ಯ: ಮನೆಯಲ್ಲಿ ಬೊಬ್ಬೆ ಕೂಡದು. ಅವಳ ಮಾತ್ರೆಗಿಂತ ಅದೇ ಕಹಿ.

ಒಮ್ಮೆಲೇ ಗುಣವಾಗಲಿಲ್ಲ. ಕೆಲವು ದಿನ ಮತ್ತೆ ಗೋಡೆಯೇ. ವಾರಿಜಕ್ಕ ಮಾತ್ರ ತಪ್ಪದೆ ಬಂದರು, ರೈಲಿನ ಜಗಳವೂ ಬಂತು. ನಾಲ್ಕನೇ ತಿಂಗಳು ಒಂದು ಬೆಳಗ್ಗೆ ಅಶ್ಮಿತಾ ತಾನೇ ಬಚ್ಚಲಲ್ಲಿ ಕಾಲು ಚಾಚಿ ಕೂತಳು.

“ಅಕ್ಕ, ಇತ್ತ ಕೊಡಿ.”

ಮಗುವನ್ನು ಮೀಯಿಸಿ ಮುಗಿಸುವವರೆಗೆ ವಾರಿಜಕ್ಕ ಒಂದು ಮಾತೂ ಆಡಲಿಲ್ಲ. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿ ನನ್ನತ್ತ ತಿರುಗಿದರು.

“ದೇಜಪ್ಪಣ್ಣ, ಬೇಕಾದ್ರೆ ಈಗ ಓಡಿಸಿ.”

“ಚಾ ಕುಡಿಯದೆ ಹೋದ್ರೆ ನೋಡಿ!” ಎಂದು ಬೊಬ್ಬೆ ಹಾಕಿದೆ. ಮಗು ಬೆಚ್ಚಿತು. ಮೂವರು ಹೆಂಗಸರೂ ಸೇರಿ ನನಗೆ ಬೈದರು. ಎಲ್ಲಕ್ಕಿಂತ ದೊಡ್ಡ ಸ್ವರ ಅಶ್ಮಿತಾಳದು.